ಮುಂಗಡ ಕೊಟ್ಟವನ ತಲೆಯ ಮೇಲೂ ಸಾಲ

ಮೊದಲು ಹಣ, ಆಮೇಲೆ ವಿದ್ಯುತ್. ಮುಂಗಡ ಪಾವತಿ ಮೀಟರಿನ ತತ್ವ ಇಷ್ಟೇ. ಹಣ ತೀರಿದೊಡನೆ ದೀಪ ಆರಿಹೋಗುವುದರಿಂದ ಇಂಥ ಮೀಟರು ಇರುವ ಮನೆಯಲ್ಲಿ ಬಾಕಿ ಎಂಬ ಮಾತೇ ಹುಟ್ಟಲಾರದು ಎಂದು ಯಾರಿಗಾದರೂ ತೋರುತ್ತದೆ. ಮೊಬೈಲಿಗೆ ‘ಕರೆನ್ಸಿ’ ಹಾಕಿಸಿ ಮಾತನಾಡಿ ರೂಢಿಯಾಗಿರುವ ನಮಗಂತೂ ಇದು ತೀರ ಸರಳ ಲೆಕ್ಕ. ಹಾಕಿಸಿದಷ್ಟು ಮಾತು, ಮುಗಿದರೆ ಮೌನ. ಇದರಲ್ಲಿ ಸಾಲಕ್ಕೆಲ್ಲಿ ಜಾಗ? ಆದರೆ ಈ ಮೀಟರುಗಳು ಬಹುಕಾಲದಿಂದ ಬಳಕೆಯಲ್ಲಿರುವ ಬ್ರಿಟನ್ನಿನಲ್ಲಿ, ಅಂಗಡಿಯಲ್ಲಿ ಹತ್ತು ಪೌಂಡ್ ತುಂಬಿಸಿಕೊಂಡು ಬಂದು ಮೀಟರಿಗೆ ಕೀ ತೂರಿಸಿದಾಗ ಪರದೆಯ ಮೇಲೆ ಮೂರೋ ನಾಲ್ಕೋ ಪೌಂಡ್ ಮಾತ್ರ ಕಾಣಿಸಿ, ಉಳಿದದ್ದು ಎಲ್ಲಿ ಹೋಯಿತೆಂದು ದಿಗಿಲುಗೊಂಡವರು ಅಸಂಖ್ಯ. ತಾವು ಬಳಸಿಯೇ ಇರದ ವಿದ್ಯುತ್ತಿನ ಸಾಲ ಮೀಟರಿನ ಹೊಟ್ಟೆಯಲ್ಲಿ ಮೊದಲೇ ಕುಳಿತಿತ್ತೆಂಬುದು ಅವರಿಗೆ ತಿಳಿಯುವುದು ಹಣ ಕಟ್ಟಿದ ಮೇಲೆ.

ಸಮುದ್ರದಾಚೆಯ ಈ ಗೋಳು ನಮಗೇಕೆ ಎಂದು ಓದುಗರು ಕೇಳಬಹುದು. ಉನ್ನತ ವ್ಯಾಸಂಗಕ್ಕೆಂದು, ಸಾಫ್ಟ್‌ವೇರ್ ಕೆಲಸಕ್ಕೆಂದು, ಆಸ್ಪತ್ರೆಗಳ ದಾದಿಯರ ಹುದ್ದೆಗೆಂದು ಕರ್ನಾಟಕದಿಂದ ಅಲ್ಲಿಗೆ ಹೋಗುವ ಯುವಜನರು ಮೊದಮೊದಲು ಸೇರಿಕೊಳ್ಳುವ ಅಗ್ಗದ ಬಾಡಿಗೆ ಮನೆಗಳಲ್ಲಿ ಇಂಥ ಮೀಟರುಗಳಿರುವುದು ಸಾಮಾನ್ಯ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಮನೆಮನೆಗೆ ಪ್ರೀಪೇಯ್ಡ್ ಮೀಟರು ಅಳವಡಿಸುವ ಬೃಹತ್ ಯೋಜನೆಯೊಂದನ್ನು ಭಾರತವು 2021ರಲ್ಲಿ ಕೈಗೆತ್ತಿಕೊಂಡಿತು. ಬ್ರಿಟನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಎಡವುತ್ತ ಕಲಿತ, ಇನ್ನೂ ಪೂರ್ತಿಯಾಗಿ ಕಲಿಯದ ಪಾಠವನ್ನು ನಾವು ಮೊದಲ ಪುಟದಿಂದ ಓದಬೇಕಾದ ಅಗತ್ಯವಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಗ್ಯಾಸ್ ಕಂಪನಿಗಳಿಗೆ ಕೂಲಿಕಾರರ ಮನೆಗಳಿಗೂ ಗ್ಯಾಸ್ ಮಾರುವ ಆಸೆ ಹುಟ್ಟಿತು. ಮೂರು ತಿಂಗಳಿಗೊಮ್ಮೆ ದೊಡ್ಡ ಬಿಲ್ಲು ಕಟ್ಟುವ ಚೈತನ್ಯ ಇವರಿಗಿರಲಿಲ್ಲ. ಒಂದು ಪೆನ್ನಿ ನಾಣ್ಯ ಹಾಕಿದರೆ ಅಷ್ಟಕ್ಕೆ ಸರಿಯಾಗಿ ಗ್ಯಾಸ್ ಬಿಡುವ ಮೀಟರುಗಳು ಹೀಗೆ ಬಂದವು. ಪೆನ್ನಿ ಹೋಗಿ ಶಿಲ್ಲಿಂಗ್ ಬಂತು, ಗ್ಯಾಸಿನ ಜೊತೆಗೆ ವಿದ್ಯುತ್ತೂ ಸೇರಿತು. ಈಗ ವಿದ್ಯುತ್ತಿಗೆ ಪ್ಲಾಸ್ಟಿಕ್ ಕೀ, ಗ್ಯಾಸಿಗೆ ಕಾರ್ಡು. ಬೀದಿಯ ಅಂಗಡಿಯಲ್ಲೋ ಅಂಚೆ ಕಚೇರಿಯಲ್ಲೋ ಹಣ ತುಂಬಿಸಬೇಕು. ಸ್ಮಾರ್ಟ್ ಮೀಟರು ಇರುವವರು ಮೊಬೈಲಿನಲ್ಲೇ ತುಂಬಿಸಬಹುದು. ಸುಮಾರು 40 ಲಕ್ಷ ಮನೆಗಳು ಹೀಗೆ ಬದುಕುತ್ತವೆ. ಸಲಕರಣೆ ಎಷ್ಟು ಬದಲಾದರೂ ಇದು ಮೊದಲಿನಿಂದಲೂ ಬಡವರ ಮೀಟರು, ಬಾಡಿಗೆದಾರರ ಮೀಟರು. ಬ್ಯಾಂಕ್ ಖಾತೆಯಿಂದ ತಿಂಗಳು ತಿಂಗಳು ಕಟ್ಟುವ ಅನುಕೂಲಸ್ಥರಿಗಿಂತ ಮುಂಗಡ ಕೊಡುವ ಬಡವರೇ ಬಹುಕಾಲ ಹೆಚ್ಚು ದರ ತೆರುತ್ತಿದ್ದರು. ಆ ಅನ್ಯಾಯವನ್ನು ಸರಿಪಡಿಸಲು 2023 ಮತ್ತು 2024ರವರೆಗೆ ಕಾಯಬೇಕಾಯಿತು.

ಸಾಲ ಇಂಥ ಮೀಟರಿನೊಳಗೆ ಹೊಕ್ಕುವ ದಾರಿಗಳನ್ನು ನೋಡೋಣ. ತೀರ ಸಾಮಾನ್ಯವಾದದ್ದು, ನಮ್ಮ ಬಿಲ್ಲುಗಳಲ್ಲಿ ‘ನಿಗದಿತ ಶುಲ್ಕ’ ಎಂದು ಬರುತ್ತದಲ್ಲ, ಅದರದು. ಅಲ್ಲಿ ಇದನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ. ಒಂದು ದೀಪ ಹಚ್ಚದಿದ್ದರೂ, ಒಂದು ಲೋಟ ನೀರು ಕಾಯಿಸದಿದ್ದರೂ ಶುಲ್ಕ ಏರುತ್ತಲೇ ಇರುತ್ತದೆ. ವಿದ್ಯುತ್ತಿಗೆ ದಿನಕ್ಕೆ 60 ಪೆನ್ಸ್, ಗ್ಯಾಸಿಗೆ 30 ಪೆನ್ಸ್ ಎಂದು ಹಿಡಿಯಿರಿ; ಇತ್ತೀಚಿನ ವರ್ಷಗಳ ದರಗಳು ಹೆಚ್ಚುಕಡಿಮೆ ಈ ಮಟ್ಟದಲ್ಲೇ ಇವೆ. ಎರಡು ತಿಂಗಳು ಊರಿಗೆ ಹೋಗಿ ಬಂದವನ ಮೀಟರಿನಲ್ಲಿ 54 ಪೌಂಡ್ ಸಾಲ ಕಾದಿರುತ್ತದೆ. ಬೇಸಿಗೆಯಲ್ಲಿ ಮನೆ ಬೆಚ್ಚಗೆ ಮಾಡುವ ಗ್ಯಾಸನ್ನು ಯಾರೂ ಬಳಸುವುದಿಲ್ಲ. ಚಳಿ ಶುರುವಾದ ಮೊದಲ ದಿನ ಹಾಕಿದ ಹಣವನ್ನು ಬೇಸಿಗೆಯ ಶುಲ್ಕವೇ ನುಂಗಿಬಿಡುತ್ತದೆ. ಮನೆ ತಣ್ಣಗೇ ಉಳಿಯುತ್ತದೆ.

ಇದರ ಮೇಲೆ ‘ತುರ್ತು ಸಾಲ’ ಎಂಬ ಸೌಲಭ್ಯವಿದೆ. ಹಣ ಮುಗಿದಾಗ ಮೀಟರೇ ಐದರಿಂದ ಹತ್ತು ಪೌಂಡಿನವರೆಗೆ ಕೈಗಡ ಕೊಡುತ್ತದೆ. ರಾತ್ರಿ ವೇಳೆ, ವಾರಾಂತ್ಯಗಳಲ್ಲಿ ಅಂಗಡಿ ಮುಚ್ಚಿರುವಾಗ ಸಂಪರ್ಕ ಕಡಿತವಾಗದಂತೆಯೂ ವ್ಯವಸ್ಥೆಯಿದೆ. ಇವು ನಿಜಕ್ಕೂ ಮಾನವೀಯ ಏರ್ಪಾಡುಗಳೇ. ಆದರೆ ಮುಂದಿನ ಬಾರಿ ಹಣ ತುಂಬಿಸಿದಾಗ ಇದು ಮೊದಲು ಮುರಿದುಕೊಳ್ಳುತ್ತದೆ. ಕೈಗಡ 10 ಪೌಂಡ್ ಪಡೆದವನು, ಹಳೆಯ ಸಾಲಕ್ಕೆ ವಾರಕ್ಕೆ 5 ಪೌಂಡ್ ಕಂತು ಒಪ್ಪಿಕೊಂಡವನು, ನಾಲ್ಕು ದಿನದ ನಿಗದಿತ ಶುಲ್ಕ ಉಳಿಸಿಕೊಂಡವನು 20 ಪೌಂಡ್ ಹಾಕಿದರೆ ಅವನಿಗೆ ದಕ್ಕುವುದು ಒಂದು ಪೌಂಡ್ 40 ಪೆನ್ಸಿನ ಬೆಳಕು. ಲೆಕ್ಕದಲ್ಲಿ ಯಾವ ಮೋಸವೂ ಇಲ್ಲ. ಲೆಕ್ಕದ ಚೀಟಿಯೊಂದು ಅವನ ಕೈಯಲ್ಲಿಲ್ಲ, ಅಷ್ಟೆ. ಬಿಲ್ಲು ಬರುವ ಮನೆಯಲ್ಲಿ ಮೇಜಿನ ಮೇಲಿಟ್ಟುಕೊಂಡು ಸಾಲು ಸಾಲಾಗಿ ಓದಿ ಜಗಳಕ್ಕೆ ಹೋಗಬಹುದು. ಇಲ್ಲಿ ಗುಂಡಿ ಒತ್ತುತ್ತ ಹೋದರೆ ಒಂದೊಂದಾಗಿ ಬದಲಾಗುವ ಸಂಕೇತಗಳಷ್ಟೇ ಸಿಗುವುದು.

ಎಲ್ಲಕ್ಕಿಂತ ವಿಚಿತ್ರವಾದದ್ದು ಹಿಂದಿನ ಬಾಡಿಗೆದಾರನ ಸಾಲ. ಕೀ ಎಂಬುದು ಬೀಗದ ಕೈಯಲ್ಲ, ಅದೊಂದು ಖಾತೆ. ಮನೆ ಬಿಟ್ಟು ಹೋದವನು ಅದನ್ನು ಅಡುಗೆಮನೆಯ ಕಪಾಟಿನಲ್ಲೋ ಮೀಟರಿನ ಬಾಯಲ್ಲೋ ಬಿಟ್ಟುಹೋಗಿರುತ್ತಾನೆ. ಹೊಸದಾಗಿ ಬಂದವನು, ಒಳ್ಳೆಯದೇ ಆಯಿತೆಂದು ಅದಕ್ಕೇ ಹಣ ತುಂಬಿಸುತ್ತಾನೆ. ಅಂದಿನಿಂದ ಅವನು ಗೊತ್ತಿಲ್ಲದ ಮನುಷ್ಯನೊಬ್ಬನ ಸಾಲದ ಕಂತು ತೀರಿಸತೊಡಗಿರುತ್ತಾನೆ. ಮಾಡಿದ್ದುಣ್ಣೋ ಮಹರಾಯ ಎಂಬುದು ಗಾದೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವನು ಇನ್ನೊಬ್ಬ. ಬ್ರಿಟನ್ನಿನ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಹಿಂದಿನ ನಿವಾಸಿಯ ಬಾಕಿಗೆ ಹೊಸಬ ಹೊಣೆಯಲ್ಲ. ಸಾಲ ವ್ಯಕ್ತಿಯದು, ಮನೆಯದಲ್ಲ. ಆದರೆ ಇದನ್ನು ಮೀಟರಿಗೆ ಯಾರು ಹೇಳಬೇಕು? ಅದರ ಮುಂದೆ ನಿಂತವನು ಬದಲಾಗಿದ್ದಾನೆಂಬುದು ಅದಕ್ಕೆ ತಿಳಿಯದು. ಕಾನೂನಿನ ರಕ್ಷಣೆ ದೊರೆಯುವುದು ಕೇಳಿ ಪಡೆಯುವವನಿಗೆ ಮಾತ್ರ.

ಆದ್ದರಿಂದ ಅಲ್ಲಿಗೆ ಹೋಗುವವರು ತಿಳಿದಿರಬೇಕಾದದ್ದನ್ನು ಇಲ್ಲೇ ಹೇಳಿಬಿಡುವುದು ಲೇಸು. ಮನೆಯೊಳಗೆ ಕಾಲಿಟ್ಟ ದಿನವೇ ಮೀಟರಿನ ಓದನ್ನೂ, ಪರದೆಯಲ್ಲಿ ಸಾಲವೇನಾದರೂ ಕಾಣುತ್ತಿದ್ದರೆ ಅದನ್ನೂ ಫೋಟೊ ತೆಗೆದಿಟ್ಟುಕೊಳ್ಳಬೇಕು. ಹಳೆಯ ಕೀ ಅಥವಾ ಕಾರ್ಡಿಗೆ ಹಣ ಹಾಕುವ ಮೊದಲು ಸರಬರಾಜು ಕಂಪನಿಗೆ ಕರೆ ಮಾಡಿ, ತಾವು ಇಂಥ ದಿನ ಬಂದ ಹೊಸ ಬಾಡಿಗೆದಾರರೆಂದು ತಿಳಿಸಿ, ಬಾಡಿಗೆ ಕರಾರು ಪತ್ರದ ಪ್ರತಿ ಕಳಿಸಿ, ತಮ್ಮ ಹೆಸರಿನ ಹೊಸ ಕೀ ಕೇಳಬೇಕು. ಮೀಟರಿನಲ್ಲಿರುವ ಸಾಲವನ್ನು ಅಳಿಸಲು ಹೇಳಬೇಕು. ಈಗಾಗಲೇ ಕಂತು ಕಡಿತವಾಗಿದ್ದರೆ ಆ ಹಣ ಹಿಂದಿರುಗಿಸಲು ಒತ್ತಾಯಿಸಬೇಕು. ಸಾಲ ನಿಜವಾಗಿ ತಮ್ಮದೇ ಆಗಿದ್ದ ಪಕ್ಷದಲ್ಲಿ ಅದು ಹೇಗೆ ಬೆಳೆಯಿತೆಂಬ ಲೆಕ್ಕವನ್ನು ಬರಹದಲ್ಲಿ ಪಡೆದು, ವಾರದ ಕಂತನ್ನು ತಮ್ಮ ಶಕ್ತಿಗೆ ತಕ್ಕಂತೆ ಇಳಿಸಲು ಕೇಳಬಹುದು. ಗ್ರಾಹಕನ ಪಾವತಿ ಸಾಮರ್ಥ್ಯವನ್ನು ಗಮನಿಸಿಯೇ ಕಂತು ಗೊತ್ತುಮಾಡಬೇಕೆಂಬುದು ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್‌ನ ಕಟ್ಟಪ್ಪಣೆ. ಎಂಟು ವಾರ ಕಳೆದರೂ ಕಂಪನಿ ಬಗೆಹರಿಸದಿದ್ದರೆ ಇಂಧನ ಓಂಬುಡ್ಸ್‌ಮನ್ ಬಳಿ ಉಚಿತವಾಗಿ ದೂರು ಸಲ್ಲಿಸಬಹುದು. ಸಾಲವಿದೆಯೆಂಬ ಒಂದೇ ಕಾರಣಕ್ಕೆ ಬೇರೆ ಕಂಪನಿಗೆ ಹೋಗಲಾಗದು ಎಂಬುದೂ ಸುಳ್ಳು: ಒಂದೊಂದು ಇಂಧನಕ್ಕೆ 500 ಪೌಂಡಿನವರೆಗಿನ ಸಾಲವನ್ನು ಹೊತ್ತುಕೊಂಡೇ ಮುಂಗಡ ಗ್ರಾಹಕರು ಕಂಪನಿ ಬದಲಿಸಬಹುದು.

ಕಂಪನಿಯ ತಪ್ಪಿನಿಂದ ಹುಟ್ಟುವ ಸಾಲವೂ ಉಂಟು. ಹಳೆಯ ಮಾದರಿಯ ಮೀಟರುಗಳಲ್ಲಿ ದರ ಏರಿದಾಗಲೆಲ್ಲ ನೌಕರನೊಬ್ಬ ಮನೆಗೆ ಬಂದು ಹೊಸ ದರ ಕೂರಿಸಬೇಕಾಗಿತ್ತು. ಅವನು ತಿಂಗಳುಗಟ್ಟಲೆ ತಡಮಾಡಿ ಬಂದರೆ ನಡುವಿನ ವ್ಯತ್ಯಾಸವೆಲ್ಲ ಗ್ರಾಹಕನ ಸಾಲವಾಗಿ ನಿಲ್ಲುತ್ತಿತ್ತು. ಇಂಥ ಹಿಂದಿನ ಲೆಕ್ಕ ಕೆದಕುವುದಕ್ಕೆ 2018ರಲ್ಲಿ ಆಫ್‌ಜೆಮ್ ಒಂದು ಗೆರೆ ಎಳೆಯಿತು. ಗ್ರಾಹಕನ ತಪ್ಪಿಲ್ಲದೆ ಸರಿಯಾಗಿ ಲೆಕ್ಕ ಹಾಕದೇ ಬಿಟ್ಟ ಬಳಕೆಗೆ 12 ತಿಂಗಳಿಗಿಂತ ಹಿಂದಿನದನ್ನು ವಸೂಲು ಮಾಡುವಂತಿಲ್ಲ. ಈ ಗೆರೆಯನ್ನು ನೆನಪಿಟ್ಟುಕೊಳ್ಳೋಣ, ನಮ್ಮ ಕಾನೂನಿನ ಮಾತು ಬಂದಾಗ ಬೇಕಾಗುತ್ತದೆ.

ಇಷ್ಟೆಲ್ಲ ನಿಯಮಗಳಿದ್ದೂ 2022ರ ಚಳಿಗಾಲದಲ್ಲಿ ಆದದ್ದೇನು? ಉಕ್ರೇನ್ ಯುದ್ಧದಿಂದ ಗ್ಯಾಸಿನ ಬೆಲೆ ಗಗನಕ್ಕೇರಿ, ಬಿಲ್ಲು ಕಟ್ಟಲಾಗದವರ ಸಂಖ್ಯೆ ಬೆಳೆಯಿತು. ಕಂಪನಿಗಳು ನ್ಯಾಯಾಲಯದಿಂದ ವಾರಂಟು ತಂದು, ಬಾಗಿಲು ತೆರೆಸಿ, ಬಲವಂತವಾಗಿ ಮುಂಗಡ ಮೀಟರು ಕೂರಿಸತೊಡಗಿದವು. ಆ ಒಂದೇ ವರ್ಷದಲ್ಲಿ 94 ಸಾವಿರಕ್ಕೂ ಹೆಚ್ಚು ಇಂಥ ಮೀಟರುಗಳನ್ನು ಕೂರಿಸಲಾಯಿತು. ಮ್ಯಾಜಿಸ್ಟ್ರೇಟರು ನೂರಾರು ಅರ್ಜಿಗಳ ಕಟ್ಟನ್ನು ಕೆಲವೇ ನಿಮಿಷಗಳಲ್ಲಿ, ಒಂದೊಂದನ್ನೂ ಬಿಚ್ಚಿ ನೋಡದೆ ಮಂಜೂರು ಮಾಡುತ್ತಿದ್ದರು. ಸ್ಮಾರ್ಟ್ ಮೀಟರು ಇದ್ದ ಮನೆಗಳಲ್ಲಿ ಬಾಗಿಲು ತೆರೆಸುವ ಶ್ರಮವೂ ಬೇಕಿರಲಿಲ್ಲ. ದೂರದ ಕಚೇರಿಯಿಂದಲೇ ಅದನ್ನು ಮುಂಗಡ ವಿಧಾನಕ್ಕೆ ತಿರುಗಿಸಬಹುದಾಗಿತ್ತು. 2023ರ ಫೆಬ್ರುವರಿ ಮೊದಲ ವಾರ ‘ದಿ ಟೈಮ್ಸ್’ ಪತ್ರಿಕೆಯ ವರದಿಗಾರನೊಬ್ಬ ಬ್ರಿಟಿಷ್ ಗ್ಯಾಸ್ ಪರವಾಗಿ ಕೆಲಸ ಮಾಡುತ್ತಿದ್ದ ವಸೂಲಿ ಸಂಸ್ಥೆಯನ್ನು ಗುಟ್ಟಾಗಿ ಸೇರಿ, ಅಶಕ್ತರ ಮನೆಗಳಿಗೂ ಹೀಗೆ ನುಗ್ಗುತ್ತಿದ್ದುದನ್ನು ಬಯಲಿಗೆಳೆದ ಮೇಲೆ ದೇಶ ಬೆಚ್ಚಿತು. ಬಲವಂತದ ಅಳವಡಿಕೆ ನಿಂತಿತು. ಇಂಥ ವಾರಂಟು ಅರ್ಜಿಗಳನ್ನು ತೆಗೆದುಕೊಳ್ಳದಂತೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿಗೆ ಸೂಚನೆ ಹೋಯಿತು. ಅದೇ ವರ್ಷದ ನವೆಂಬರಿನಿಂದ ಕಡ್ಡಾಯ ನಿಯಮಗಳು ಬಂದವು. ಮನೆಯಲ್ಲಿ ಬೇರೆ ಆಸರೆಯಿಲ್ಲದ 75 ವರ್ಷ ದಾಟಿದ ವೃದ್ಧರಿದ್ದರೆ, ಎರಡು ವರ್ಷದೊಳಗಿನ ಕೂಸಿದ್ದರೆ ಬಲವಂತವಾಗಿ ಮೀಟರು ಹಾಕುವಂತಿಲ್ಲ. 2025ರ ಮೇ ತಿಂಗಳಲ್ಲಿ ಎಂಟು ಕಂಪನಿಗಳು ಸುಮಾರು 40 ಸಾವಿರ ಗ್ರಾಹಕರಿಗೆ ಪರಿಹಾರ ಕೊಡಲು, ಸಾಲ ಮನ್ನಾ ಮಾಡಲು ಒಪ್ಪಿದವು.

ಈ ಹಗರಣಕ್ಕಿಂತಲೂ ಹೆಚ್ಚು ಯೋಚನೆಗೆ ಹಚ್ಚುವುದು ಅಲ್ಲಿನ ಆಡಳಿತದ ಒಂದು ಪದ. ಹಣವಿಲ್ಲದೆ ಮೀಟರು ಆರಿಹೋಗುವುದನ್ನು ಅವರು ‘ಸ್ವಯಂ ಕಡಿತ’ ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಕಂಪನಿ ಕಡಿತ ಮಾಡಲಿಲ್ಲ, ನೀವೇ ಮಾಡಿಕೊಂಡಿರಿ ಎಂದು ಅದರ ತಾತ್ಪರ್ಯ. ಹಾಗಾಗಿ ಬಾಕಿಗಾಗಿ ಮನೆಗಳ ಸಂಪರ್ಕ ಕತ್ತರಿಸುವುದು ಬಹುಮಟ್ಟಿಗೆ ನಿಂತಿದೆಯೆಂದು ಅಲ್ಲಿನ ಅಂಕಿಅಂಶ ಹೇಳುತ್ತದೆ. ಸಿಟಿಜನ್ಸ್ ಅಡ್ವೈಸ್ ಎಂಬ ಸೇವಾ ಸಂಸ್ಥೆ ಬೇರೊಂದು ಲೆಕ್ಕ ಕೊಟ್ಟಿದೆ. ಅದರ ಪ್ರಕಾರ ಹಣ ತುಂಬಿಸಲಾಗದೆ 2022ರಲ್ಲಿ ಕತ್ತಲಲ್ಲಿ, ಚಳಿಯಲ್ಲಿ ಕುಳಿತವರು 32 ಲಕ್ಷ ಜನ. ಅಂದರೆ ಹತ್ತು ಸೆಕೆಂಡಿಗೆ ಒಬ್ಬರು. ಲೈನ್‌ಮನ್ ಬಂದು ಫ್ಯೂಸು ಕಿತ್ತರೆ ಅದು ಬೀದಿಗೆಲ್ಲ ಕಾಣುವ ಘಟನೆ, ದಾಖಲೆಗೆ ಸೇರುವ ಘಟನೆ. ಮೀಟರು ತಾನಾಗಿ ಆರಿದರೆ ಅದು ಒಂದು ಮನೆಯ ನಾಲ್ಕು ಗೋಡೆಯೊಳಗಿನ ಸಂಗತಿ. ಹೀಗೆ ಸಾರ್ವಜನಿಕ ಕ್ರಮವೊಂದು ಖಾಸಗಿ ದುರದೃಷ್ಟವಾಗಿ ಮಾರ್ಪಡುತ್ತದೆ. ಮುಂಗಡ ಮೀಟರಿನ ನಿಜವಾದ ತೊಡಕು ಇರುವುದು ಇಲ್ಲಿ.

ಇನ್ನು ನಮ್ಮ ಕಡೆ ನೋಡೋಣ. ನಷ್ಟದಲ್ಲಿ ಮುಳುಗಿದ ವಿದ್ಯುತ್ ವಿತರಣಾ ಕಂಪನಿಗಳನ್ನು ಮೇಲೆತ್ತಲೆಂದು ಕೇಂದ್ರ ಸರ್ಕಾರ 2021ರಲ್ಲಿ ಮೂರು ಲಕ್ಷ ಕೋಟಿ ರೂಪಾಯಿ ಮೀರಿದ ಯೋಜನೆಯೊಂದನ್ನು ಮಂಜೂರು ಮಾಡಿತು. 25 ಕೋಟಿ ಸ್ಮಾರ್ಟ್ ಪ್ರೀಪೇಯ್ಡ್ ಮೀಟರು ಹಾಕುವುದು ಅದರ ತಿರುಳು. 2025ರ ಮಾರ್ಚಿಗೆ ಮುಗಿಯಬೇಕಿದ್ದ ಆ ಕೆಲಸ ಮುಗಿಯಲಿಲ್ಲ. ಅದಕ್ಕೂ ಮೊದಲೇ, 2020ರ ಡಿಸೆಂಬರ್ 31ರಂದು ಹೊರಡಿಸಿದ ಗ್ರಾಹಕರ ಹಕ್ಕುಗಳ ನಿಯಮಾವಳಿಯಲ್ಲಿ, ಹೊಸ ಸಂಪರ್ಕಕ್ಕೆ ಹಾಕುವ ಮೀಟರು ಪ್ರೀಪೇಯ್ಡ್ ಆಗಿರಬೇಕೆಂದು ಹೇಳಲಾಗಿತ್ತು. ಹಕ್ಕುಗಳ ಪಟ್ಟಿಯಲ್ಲಿ ಇಂಥದೊಂದು ಕಡ್ಡಾಯ ಸೇರಿಕೊಂಡದ್ದು ಸ್ವಲ್ಪ ಮೋಜಿನ ವಿಷಯವೇ ಸರಿ.

ಜನರ ಪ್ರತಿಕ್ರಿಯೆ ಬರಲು ತಡವಾಗಲಿಲ್ಲ. 2024ರ ಮೇ ತಿಂಗಳಲ್ಲಿ ಗುಜರಾತಿನ ವಡೋದರದಲ್ಲಿ ಪ್ರೀಪೇಯ್ಡ್ ಮೀಟರಿನ ವಿರುದ್ಧ ಮನೆಮಂದಿಯೆಲ್ಲ ಬೀದಿಗಿಳಿದರು. ತುಂಬಿಸಿದ ಹಣ ಹಿಂದೆಂದೂ ಇಲ್ಲದ ವೇಗದಲ್ಲಿ ಕರಗುತ್ತಿದೆಯೆಂಬುದು ಅವರ ಅಳಲು. ಹಳೆಯ ಮೀಟರಿನ ಉಳಿದ ಬಾಕಿಯೂ ದಿನದಿನದ ಕಂತಾಗಿ ಅದರಲ್ಲೇ ಕಡಿತವಾಗುತ್ತಿದ್ದುದು ಗೊಂದಲವನ್ನು ಹೆಚ್ಚಿಸಿತ್ತು. ಮೀಟರು ವೇಗವಾಗಿ ಓಡುತ್ತಿದೆಯೋ, ಹಳೆಯ ಬಾಕಿ ಸೋರುತ್ತಿದೆಯೋ ಎಂದು ಬಿಡಿಸಿ ನೋಡಲು ಸಾಮಾನ್ಯ ಗ್ರಾಹಕನ ಬಳಿ ಕಾಗದವಿರಲಿಲ್ಲ. ಬ್ರಿಟನ್ನಿನ ಕೀ ಮೀಟರಿನ ಮುಂದೆ ನಿಂತವನ ಪಾಡೇ ಇದು. ಅಲ್ಲಿ ಕೆಲಸವನ್ನು ತಡೆಹಿಡಿಯಲಾಯಿತು. ಮರುತಿಂಗಳೇ ಮಹಾರಾಷ್ಟ್ರದಲ್ಲಿ, ಆಗ ಉಪ ಮುಖ್ಯಮಂತ್ರಿಯಾಗಿದ್ದ ದೇವೇಂದ್ರ ಫಡಣವೀಸ್ ಸಾಮಾನ್ಯ ಗ್ರಾಹಕರಿಗೆ ಪ್ರೀಪೇಯ್ಡ್ ಮೀಟರು ಹಾಕುವುದಿಲ್ಲವೆಂದು ಪ್ರಕಟಿಸಬೇಕಾಯಿತು. ಉತ್ತರ ಪ್ರದೇಶದಲ್ಲಿ 2020ರ ಕೃಷ್ಣ ಜನ್ಮಾಷ್ಟಮಿಯ ದಿನ ತಪ್ಪು ಆದೇಶವೊಂದು ಹೊರಟು ಒಂದು ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರುಗಳು ಏಕಕಾಲಕ್ಕೆ ಆರಿಹೋದದ್ದನ್ನೂ ಮರೆಯಬಾರದು. ದೂರದಿಂದ ಆರಿಸುವ ಗುಂಡಿ ಒಮ್ಮೆ ಕೈಗೆ ಬಂದ ಮೇಲೆ ತಪ್ಪಿನ ಪ್ರಮಾಣವೂ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ.

ಇವೆಲ್ಲ ಅನುಷ್ಠಾನದ ಎಡವಟ್ಟುಗಳು, ಸರಿಹೋಗುತ್ತವೆ ಎನ್ನಬಹುದು. ಸರಿಹೋಗದಿರುವುದು ಕಾನೂನಿನಲ್ಲಿದೆ. ಬ್ರಿಟನ್ನಿನಲ್ಲಿ ಸಾಲ ವ್ಯಕ್ತಿಯ ಬೆನ್ನು ಹತ್ತುತ್ತದೆ ಎಂದೆನಷ್ಟೆ. ನಮ್ಮಲ್ಲಿ ಅದು ಆರ್‌ಆರ್ ನಂಬರಿನ ಬೆನ್ನು ಹತ್ತುತ್ತದೆ, ಅಂದರೆ ಕಟ್ಟಡದ ಬೆನ್ನು. ಕೆ.ಸಿ. ನೈನಾನ್ ಮತ್ತು ಕೇರಳ ರಾಜ್ಯ ವಿದ್ಯುತ್ ಮಂಡಳಿಯ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಮೇ 19ರಂದು ಕೊಟ್ಟ ತೀರ್ಪು ಈ ವಿಷಯದಲ್ಲಿ ಮುಖ್ಯವಾದದ್ದು. ಹರಾಜಿನಲ್ಲಿ ಕಟ್ಟಡ ಕೊಂಡವರು ಹಿಂದಿನ ಮಾಲೀಕನ ವಿದ್ಯುತ್ ಬಾಕಿ ಕಟ್ಟಬೇಕೆ ಎಂಬುದು ಅಲ್ಲಿದ್ದ ಪ್ರಶ್ನೆ. ಬಾಕಿ ತಾನಾಗಿಯೇ ವರ್ಗವಾಗದು, ಆದರೆ ರಾಜ್ಯದ ಸರಬರಾಜು ಸಂಹಿತೆಯಲ್ಲಿ ಹಾಗೆಂದು ಷರತ್ತು ಇದ್ದರೆ, ಹೊಸ ಸಂಪರ್ಕ ಕೊಡುವ ಮೊದಲು ಹಳೆಯ ಬಾಕಿ ಕೇಳುವುದು ಸರಿಯೆಂದು ನ್ಯಾಯಾಲಯ ಹೇಳಿತು. ಕಾರ್ಖಾನೆ ಕೊಳ್ಳುವವನಿಗೆ ಈ ತರ್ಕ ಹೊಂದುತ್ತದೆ. ಅವನಿಗೆ ವಕೀಲರಿದ್ದಾರೆ, ಹರಾಜಿನ ಷರತ್ತುಗಳನ್ನು ಓದಿಸುತ್ತಾನೆ. ಯಲಹಂಕದಲ್ಲೋ ಕೆಂಗೇರಿಯಲ್ಲೋ ಎರಡು ಕೋಣೆಯ ಬಾಡಿಗೆ ಮನೆ ಹಿಡಿಯುವವನ ಕತೆ ಬೇರೆ. ಇಂದು ಹಳೆಯ ಬಾಕಿ ಬಿಲ್ಲಿನಲ್ಲಿ ಕಾಣುತ್ತದೆ; ಅವನು ಮಾಲೀಕರ ಬಳಿ ಹೋಗಿ ‘ಇದು ನಮ್ಮದಲ್ಲ ಸಾರ್, ನೀವೇ ತೀರಿಸಿ’ ಎನ್ನಬಹುದು, ಮುಂಗಡದಲ್ಲಿ ಮುರಿದುಕೊಳ್ಳುತ್ತೇನೆ ಎಂದು ವಾದಿಸಬಹುದು. ಪ್ರೀಪೇಯ್ಡ್ ಮೀಟರು ಈ ಮಾತುಕತೆಗೆ ಅವಕಾಶವನ್ನೇ ಕೊಡದೆ ಅವನ ರೀಚಾರ್ಜಿನಿಂದ ಮೊದಲು ಕಡಿದುಕೊಂಡಿರುತ್ತದೆ.

ಎರಡನೆಯ ತೊಡಕು ನೋಟಿಸಿನದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು 15 ದಿನಗಳ ಲಿಖಿತ ನೋಟಿಸು ಕೊಡಲೇಬೇಕು. ಬಿಲ್ಲಿನ ಬಗ್ಗೆ ತಕರಾರಿದ್ದರೆ ಆಕ್ಷೇಪಿಸಿ ಹಣ ಕಟ್ಟಿ ಸಂಪರ್ಕ ಉಳಿಸಿಕೊಳ್ಳುವ ದಾರಿಯನ್ನೂ ಅದೇ ಕಲಮು ತೋರಿಸುತ್ತದೆ. ತಿಂಗಳ ಬಿಲ್ಲನ್ನು ಮನಸ್ಸಿನಲ್ಲಿಟ್ಟು ಬರೆದ ಕಾನೂನು ಇದು. ಮುಂಗಡ ಮುಗಿದು ಮೀಟರು ಆರಿದರೆ ಅದು ಕಡಿತವೋ ಅಲ್ಲವೋ? ದಕ್ಷಿಣ ಆಫ್ರಿಕಾದಲ್ಲಿ ಜೊಹಾನ್ಸ್‌ಬರ್ಗ್ ಬಳಿಯ ಸೊವೆಟೊದ ನಿವಾಸಿಗಳು ಪ್ರೀಪೇಯ್ಡ್ ನೀರಿನ ಮೀಟರಿನ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದರು. ಕೆಳಗಿನ ನ್ಯಾಯಾಲಯ 2008ರಲ್ಲಿ ಅವರ ಪರ ನಿಂತಿತು. 2009ರ ಅಕ್ಟೋಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಇದು ಸಂಪರ್ಕ ಕಡಿತವಲ್ಲ, ತಾತ್ಕಾಲಿಕ ನಿಲುಗಡೆ ಎಂದು ಹೇಳಿತು. ಕಡಿತವಲ್ಲವೆಂದ ಮೇಲೆ ನೋಟಿಸೂ ಬೇಕಿಲ್ಲ. ಮುಂಗಡ ಕೊಟ್ಟ ಹಣ ಬಳಸಿ ಮುಗಿಸಿದಾಗ ಈ ವಾದವನ್ನು ಒಪ್ಪಿದರೂ ಒಪ್ಪಬಹುದೇನೋ. ಆದರೆ ಹಳೆಯ ಸಾಲದ ಕಂತು ಹೋಗಿ ಉಳಿದದ್ದು ಸಾಲದೆ ದೀಪ ಆರಿದಾಗ? ಆಗ ನಡೆದದ್ದು ಬಾಕಿಗಾಗಿ ಮಾಡಿದ ಕಡಿತವೇ. ಹೆಸರು ಬದಲಿಸಿದ ಮಾತ್ರಕ್ಕೆ 15 ದಿನದ ನೋಟಿಸು ಮಾಯವಾಗಬಾರದು.

ಹಳೆಯ ಲೆಕ್ಕ ಎಷ್ಟು ಹಿಂದಕ್ಕೆ ಹೋಗಬಹುದೆಂಬ ಪ್ರಶ್ನೆಯೂ ಇದೆ. ಅದೇ 56ನೇ ಕಲಮು ಎರಡು ವರ್ಷದ ಮಿತಿ ಹಾಕಿದೆ. ಆದರೆ 2020ರಲ್ಲಿ ಅಜ್ಮೇರದ ವಿದ್ಯುತ್ ಕಂಪನಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಅರ್ಥೈಸಿದ ರೀತಿ ಹೀಗಿದೆ: ಬಿಲ್ಲಿನಲ್ಲಿ ಕಣ್ತಪ್ಪಿನಿಂದ ಕಡಿಮೆ ಹಾಕಿದ್ದನ್ನು ಅವಧಿ ಮೀರಿದ ಮೇಲೆ ಕೇಳಬಹುದು; ಅದಕ್ಕಾಗಿ ಸಂಪರ್ಕ ಕಡಿಯುವಂತಿಲ್ಲ, ಬೇರೆ ಮಾರ್ಗದಿಂದ ವಸೂಲು ಮಾಡಬೇಕು. ಕಡಿತದ ಬೆದರಿಕೆ ಮತ್ತು ವಸೂಲಿ ಇವೆರಡನ್ನೂ ಬೇರೆ ಬೇರೆಯಾಗಿಟ್ಟ ವಿವೇಕದ ತೀರ್ಪು ಅದು. ಪ್ರೀಪೇಯ್ಡ್ ಮೀಟರಿನಲ್ಲಿ ಇವೆರಡೂ ಒಂದೇ. ವಸೂಲಿಯಾಗುವುದೇ ಕಡಿತದ ಅಂಚಿನಲ್ಲಿ.

ಕರ್ನಾಟಕದಲ್ಲಿ ಬೆಸ್ಕಾಂ 2025ರ ಫೆಬ್ರುವರಿಯಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯ ಮಾಡಿದಾಗ ಎದ್ದ ಗದ್ದಲವೆಲ್ಲ ಬೆಲೆಯ ಸುತ್ತಲೇ ಗಿರಕಿ ಹೊಡೆಯಿತು. ಸಾವಿರ ರೂಪಾಯಿಯೊಳಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿಗೆ ಸುಮಾರು 5 ಸಾವಿರ ತೆರಬೇಕಾದಾಗ ಜನ ಕೆರಳಿದ್ದು ಸಹಜ. ವಿಷಯ ವಿಧಾನಮಂಡಲಕ್ಕೂ ಹೈಕೋರ್ಟಿಗೂ ಹೋಯಿತು. ಆದರೆ ಬೆಲೆ ಒಮ್ಮೆ ತೆರುವುದು. ಅದು ಹೇಗೆ ಲೆಕ್ಕ ಹಾಕುತ್ತದೆ, ಏನನ್ನು ಮುರಿದುಕೊಳ್ಳುತ್ತದೆ ಎಂಬುದು ದಿನವೂ ತೆರುವುದು. ಆ ಬಗ್ಗೆ ಚರ್ಚೆ ಸಾಲದು. ನಮ್ಮದೇ ಒಂದು ಉದಾಹರಣೆ ಸಾಕು. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಈ ಷರತ್ತನ್ನು ಹಾಗೆಯೇ ಪ್ರೀಪೇಯ್ಡ್ ಮೀಟರಿಗೆ ಇಳಿಸಿದರೆ ಆಗುವುದನ್ನು ಊಹಿಸಿ. ತಿಂಗಳ 27ನೇ ದಿನದವರೆಗೆ ಉಚಿತವೆಂದು ನಿಶ್ಚಿಂತರಾಗಿದ್ದ ಮನೆಯವರು, ನೆಂಟರು ಬಂದು ನಾಲ್ಕು ದಿನ ಗೀಸರು ಹೆಚ್ಚು ಉರಿದದ್ದಕ್ಕೆ, 28ನೇ ದಿನ ಇಡೀ ತಿಂಗಳ ಬಾಕಿಯನ್ನು ಮೀಟರಿನಲ್ಲಿ ಕಾಣುತ್ತಾರೆ. ಬಿಲ್ಲಾದರೆ ಕಟ್ಟಲು ಹದಿನೈದು ದಿನ ಇರುತ್ತದೆ. ಇಲ್ಲಿ ದೀಪ ಆಗಲೇ ಆರಿರುತ್ತದೆ.

ಸರ್ಕಾರಿ ಮೀಟರಿಗಿಂತ ಮೊದಲೇ ಈ ರುಚಿ ಕಂಡವರು ದೊಡ್ಡ ಅಪಾರ್ಟ್‌ಮೆಂಟುಗಳ ನಿವಾಸಿಗಳು. ದೆಹಲಿ ಸುತ್ತಲಿನ ನೊಯಿಡಾ, ಗುರುಗ್ರಾಮಗಳಲ್ಲಿ ಬಿಲ್ಡರುಗಳು ಹಾಕಿಸಿದ ಪ್ರೀಪೇಯ್ಡ್ ಮೀಟರಿನಿಂದಲೇ ಮೇಂಟೆನೆನ್ಸ್ ಶುಲ್ಕ ಮುರಿದುಕೊಳ್ಳುವ ಬಗ್ಗೆ ವರ್ಷಗಳಿಂದ ಜಗಳ ನಡೆದಿದೆ. ಲಿಫ್ಟು, ಉದ್ಯಾನ, ಕಾವಲುಗಾರನ ಸಂಬಳದ ತಕರಾರಿಗೆ ಅಡುಗೆಮನೆಯ ದೀಪ ಒತ್ತೆಯಾಳು!

ಮುಂಗಡ ಮೀಟರಿನಿಂದ ಒಳ್ಳೆಯದೇ ಇಲ್ಲವೆಂದು ಈ ಲೇಖಕನ ವಾದವಲ್ಲ. ಅಂದಾಜಿನ ಬಿಲ್ಲಿನ ಕಾಟ ತಪ್ಪುತ್ತದೆ. ಭದ್ರತಾ ಠೇವಣಿ ಕೇಳುವಂತಿಲ್ಲವೆಂದು ಕಾಯ್ದೆಯ 47ನೇ ಕಲಮೇ ಹೇಳುತ್ತದೆ. ಹೆಚ್ಚುವರಿ ಠೇವಣಿ ಕಟ್ಟಿರೆಂಬ ಎಸ್ಕಾಂ ಚೀಟಿ ಕಂಡು ಸಿಡುಕುವ ನಮಗೆ ಇದು ಸಣ್ಣ ಸಮಾಧಾನವಲ್ಲ. ದಿನದಿನದ ಖರ್ಚು ಕಣ್ಣಿಗೆ ಕಾಣುವುದರಿಂದ ಹಿಡಿತ ಬರುತ್ತದೆಂದು ಬ್ರಿಟನ್ನಿನಲ್ಲೂ ಅನೇಕರು ಇದನ್ನು ತಾವಾಗಿ ಇಷ್ಟಪಟ್ಟು ಇಟ್ಟುಕೊಂಡಿದ್ದಾರೆ. ಬಾಕಿ ವಸೂಲಾಗದೆ ಕಂಪನಿಗಳು ಬದುಕಲಾರವೆಂಬುದೂ ನಿಜ. ಅಲ್ಲಿ ಗೃಹಬಳಕೆದಾರರ ಇಂಧನ ಸಾಲ 400 ಕೋಟಿ ಪೌಂಡ್ ದಾಟಿದೆ. ಅದರ ಹೊರೆ ಕೊನೆಗೆ ಸರಿಯಾಗಿ ಕಟ್ಟುವವರ ಮೇಲೆಯೇ ಬೀಳುತ್ತದೆ. ಆದರೆ ನಮ್ಮ ಎಸ್ಕಾಂಗಳಿಗೆ ಉಳಿಸಿಕೊಂಡಿರುವ ದೊಡ್ಡ ಬಾಕಿದಾರರು ಯಾರು? ಬೀದಿದೀಪ, ಕುಡಿಯುವ ನೀರಿನ ಪಂಪುಗಳ ಬಿಲ್ಲು ಕಟ್ಟದ ಸ್ಥಳೀಯ ಸಂಸ್ಥೆಗಳು, ಸರ್ಕಾರಿ ಇಲಾಖೆಗಳು. ಕೇಂದ್ರದ ಯೋಜನೆಯೂ ಸರ್ಕಾರಿ ಕಚೇರಿಗಳನ್ನು ಮೊದಲ ಹಂತದ ಪಟ್ಟಿಯಲ್ಲಿ ಸೇರಿಸಿತ್ತು. ಮುಂಗಡ ಕೊಟ್ಟು ಬೆಳಕು ಪಡೆಯುವ ಶಿಸ್ತು ಅಲ್ಲಿಂದ ಶುರುವಾದರೆ ಬಡಾವಣೆಯ ಬಾಡಿಗೆದಾರನಿಗೆ ಬೋಧಿಸುವ ನೈತಿಕ ಅಧಿಕಾರವಾದರೂ ಬರುತ್ತದೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಮನೆಬಳಕೆಯ ಮೀಟರನ್ನು ಪ್ರೀಪೇಯ್ಡ್ ವಿಧಾನಕ್ಕೆ ತಿರುಗಿಸುವ ದಿನ ಹಳೆಯ ಖಾತೆ ಮುಚ್ಚಿ, ಉಳಿದ ಬಾಕಿಗೆ ಪ್ರತ್ಯೇಕ ಬಿಲ್ಲು ಕೊಡಬೇಕು. ಗ್ರಾಹಕ ಒಪ್ಪಿ ಸಹಿ ಮಾಡದೆ ಅದನ್ನು ಮೀಟರಿನೊಳಗೆ ತುರುಕಬಾರದು. ಒಪ್ಪಿದಾಗಲೂ ರೀಚಾರ್ಜಿನ ಸಣ್ಣದೊಂದು ಭಾಗಕ್ಕಿಂತ ಹೆಚ್ಚು ಮುರಿಯದಂತೆ ಮಿತಿ ಬೇಕು. ಬಾಡಿಗೆದಾರ ಬದಲಾದನೆಂದು ಕರಾರು ಪತ್ರ ತೋರಿಸಿದರೆ ಹಿಂದಿನವನ ಬಾಕಿ ಮಾಲೀಕನ ಹೆಸರಿಗೆ ಹೋಗಬೇಕು. ಪ್ರತಿ ರೀಚಾರ್ಜಿಗೂ ಕನ್ನಡದಲ್ಲಿ ಒಂದು ಸಂದೇಶ ಬರಲಿ: ಬಳಕೆಗೆ ಇಷ್ಟು, ನಿಗದಿತ ಶುಲ್ಕಕ್ಕೆ ಇಷ್ಟು, ಹಳೆಯ ಬಾಕಿಗೆ ಇಷ್ಟು ಎಂದು. ತಿಂಗಳಿಗೆ ಎಷ್ಟು ಮನೆಗಳ ಮೀಟರು ಹಣವಿಲ್ಲದೆ ಆರಿತು, ಎಷ್ಟು ಹೊತ್ತು ಆರಿತ್ತು ಎಂಬ ಲೆಕ್ಕವನ್ನು ಎಸ್ಕಾಂಗಳು ಪ್ರಕಟಿಸುವಂತೆ ಮಾಡಬೇಕು. ಸ್ಮಾರ್ಟ್ ಮೀಟರಿನಲ್ಲಿ ಆ ಮಾಹಿತಿ ಹೇಗೂ ದಾಖಲಾಗಿರುತ್ತದೆ. ದರ ಪರಿಷ್ಕರಣೆಯ ಮುನ್ನ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಗಳಲ್ಲಿ ಯೂನಿಟ್ಟಿಗೆ ಎಷ್ಟು ಪೈಸೆ ಏರಿತೆಂಬುದರ ಜೊತೆಗೆ ಈ ಪ್ರಶ್ನೆಗಳನ್ನೂ ಗ್ರಾಹಕ ಸಂಘಗಳು ಎತ್ತಬೇಕು. ಅದಕ್ಕೆ ಸಕಾಲವೆಂದರೆ ಮೀಟರುಗಳು ಮನೆಬಾಗಿಲಿಗೆ ಬರುವ ಮೊದಲು.